ಹೊಲಿಯದ ಅಕ್ಷರಗಳು

ಆರ್‌ಪಿಸಿ ಲೇಔಟಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ, ಕರೆಯೋಲೆ, ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಅಚ್ಚು ತೆಗೆದುಕೊಡುತ್ತೇನೆ. ಕನ್ನಡದ ಒತ್ತಕ್ಷರ ತಪ್ಪಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ‘ಅಕ್ಕ’ ಎಂದು ಹೊಡೆದದ್ದು ‘ಅಕ್‌ಕ’ ಎಂದು ಬಿದ್ದರೆ ಆ ಕಾರ್ಡನ್ನು ಹರಿದೇ ಬಿಸಾಡುವವಳು ನಾನು. ಅಂಥವಳು ಹೋದ ವರ್ಷ ಉರ್ದುವಿನ ಮುಂದೆ ಪೆದ್ದಿಯಾದೆ.

ಬಂದವರು ನಮ್ಮ ಬೀದಿಯ ಹಿರಿಯ ಟೈಲರ್. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಸಮಾಧಿಯ ಕಲ್ಲಿನ ಮೇಲೆ ಆಕೆಯ ಹೆಸರನ್ನು ಉರ್ದುವಿನಲ್ಲಿ ಕೆತ್ತಿಸಬೇಕಿತ್ತು. ತಮ್ಮ ಕೈಬರಹ ಕಲ್ಲಿಗೆ ಚೆನ್ನಾಗಿರದು, ಅಚ್ಚಿನದೇ ಬೇಕು ಎಂದರು. ಕೆತ್ತುವವನಿಗೆ ಉರ್ದು ಬಾರದು. ಕಾಗದದಲ್ಲಿ ಏನಿದೆಯೋ ಅದನ್ನೇ ಗೆರೆ ತಪ್ಪದೆ ಕೆತ್ತುತ್ತಾನೆ, ಆಮೇಲೆ ಅಳಿಸುವಂತಿಲ್ಲ. ಉರ್ದು ನನಗೂ ಬಾರದು. ಕಂಪ್ಯೂಟರಿಗೆ ಬರುತ್ತದಲ್ಲ ಎಂಬ ಕೊಬ್ಬಿನಲ್ಲಿ ಕೂತೆ.

ಪರದೆಯ ಮೇಲಿನ ಕೀಬೋರ್ಡಿನಲ್ಲಿ ಅವರು ಬೆರಳಿಟ್ಟ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಪ್ರಿಂಟ್ ತೆಗೆದೆ. ಅವರು ಕಾಗದವನ್ನು ಹಿಂದೆ ಮುಂದೆ ಮಾಡಿ ನೋಡಿದರು.

“ಬಟ್ಟೆ ಕತ್ತರಿಸಿ ಇಟ್ಟಂಗಿದೆ ಮೇಡಂ. ಇನ್ನೂ ಹೊಲ್ದಿಲ್ಲ.”

ಕೂಡಿಕೊಳ್ಳಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು. ಸಾಲದ್ದಕ್ಕೆ ಬಲದಿಂದ ಬರಬೇಕಾದದ್ದು ಎಡದಿಂದ ಬಂದಿತ್ತು. ಅಷ್ಟೇ ತಾನೆ ಎಂದುಕೊಂಡು, ಟೀ ಶರ್ಟಿನ ಪ್ರಿಂಟಿಗೆ ದಿನಾ ಮಾಡುವ ಹಾಗೆ ಇಡೀ ಹೆಸರನ್ನು ಮಿರರ್ ಮಾಡಿ ಕೊಟ್ಟೆ. ಸಾಲಿನ ಜೊತೆಗೆ ಒಂದೊಂದು ಅಕ್ಷರವೂ ಮಗುಚಿಕೊಂಡಿತ್ತು. ಅವರು ಕನ್ನಡಕ ಒರೆಸಿಕೊಂಡು, ನೀವು ಕನ್ನಡವನ್ನು ಕನ್ನಡಿಯಲ್ಲಿ ಓದುತ್ತೀರಾ ಎಂದು ಮೆಲ್ಲಗೆ ಕೇಳಿದರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಆಮೇಲೆ ಅದೇ ಕಾಗದದ ಹಿಂದೆ ಅವರು ಬರೆದು ತೋರಿಸಿದರು. ಒಂದೇ ಅಕ್ಷರಕ್ಕೆ ಪದದ ಮೊದಲಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಯಲ್ಲಿ ಬಾಲ ಬಿಡುವ ಮತ್ತೊಂದು. ಕೆಲವು ಹಿಂದಿನದಕ್ಕೆ ಅಂಟಿಕೊಳ್ಳುತ್ತವೆ, ಮುಂದಿನದರ ಸಹವಾಸಕ್ಕೆ ಹೋಗುವುದಿಲ್ಲ. ಹೀಗೂ ಉಂಟೆ ಎಂದು ನಾನು ಕುಡಿಯಬೇಕಾದ ಕಾಫಿ ಮರೆತೆ. ನಮ್ಮಲ್ಲಿ ಎರಡನೆಯ ವ್ಯಂಜನ ಮೊದಲನೆಯದರ ಅಡಿಗೆ ಹೋಗಿ ಕೂರುವುದನ್ನು ನಾನೂ ಬರೆದು ತೋರಿಸಿದೆ. ನನ್ನ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಈ ಕೂಡಿಕೆಯ ಗಂಧಗಾಳಿ ಇರಲಿಲ್ಲ. ಕೊಟ್ಟದ್ದನ್ನು ಎಡದಿಂದ ಜೋಡಿಸುತ್ತಿತ್ತು ಅಷ್ಟೆ.

ಬ್ರೌಸರಿನಲ್ಲಿ ಹೊಡೆದರೆ ಅಕ್ಷರಗಳು ತಾವಾಗಿಯೇ ಕೂಡಿಕೊಂಡವು. ಅಲ್ಲಿಂದ ತಂದು ಹಳೆಯದರಲ್ಲಿ ಅಂಟಿಸಿದರೆ ಮತ್ತೆ ಚೆಲ್ಲಾಪಿಲ್ಲಿ. ಮೂರು ದಿನ ಇದೇ ಹುಚ್ಚು. ಕೊನೆಗೆ ಬೇರೆ ಸಾಫ್ಟ್‌ವೇರ್ ಹಾಕಿ, ಬಲದಿಂದ ಎಡಕ್ಕೆ ಎಂಬ ಸೆಟ್ಟಿಂಗ್ ಹುಡುಕಿದೆ. ಹೆಸರು ಕೂಡಿತು, ಆದರೆ ನೆಟ್ಟಗೆ ಒಂದೇ ಗೆರೆಯ ಮೇಲೆ ಕೂತಿತು. ಅದು ಅರಬ್ಬಿ ಪುಸ್ತಕದ ರೀತಿ, ಉರ್ದು ಮೇಲಿನಿಂದ ಓರೆಯಾಗಿ ಇಳಿಯಬೇಕು ಎಂದರು ಟೈಲರ್. ಹಾಗೆ ಇಳಿಯುವ ನಸ್ತಾಲೀಕ್ ಎಂಬ ಬರಹದ ಫಾಂಟನ್ನೂ ಹುಡುಕಿ ಹಾಕಿದೆ.

ದೊಡ್ಡದಾಗಿ ಪ್ರಿಂಟ್ ತೆಗೆದು, ಎಲ್ಲ ಗಿರಾಕಿಗಳಿಗೂ ಹೇಳುವಂತೆ, ತಪ್ಪಿದೆಯೇನೋ ಒಮ್ಮೆ ಗಟ್ಟಿಯಾಗಿ ಓದಿ ಎಂದೆ. ಅವರು ಬಲತುದಿಯಲ್ಲಿ ಬೆರಳಿಟ್ಟು ಹೆಸರನ್ನು ಓದಿದರು. ಬೆರಳನ್ನು ಮತ್ತೆ ಬಲತುದಿಗೆ ತಂದು ಇನ್ನೊಮ್ಮೆ ಓದಿದರು. ಮತ್ತೆ ಏನೋ ಕೆಟ್ಟಿತು ಎಂದು ನಾನು ಕಾಗದದ ಮೇಲೆ ಬಗ್ಗಿದೆ.

“ತಪ್ಪೇನಿಲ್ಲ ಮೇಡಂ. ನಲವತ್ತು ವರ್ಷದಲ್ಲಿ ಒಂದ್ಸಲಾನೂ ಹೆಸರು ಹಿಡಿದು ಕರ್ದಿರ್ಲಿಲ್ಲ. ‘ಸುನೋ’ ಅಂತಿದ್ದೆ, ತಿರುಗಿ ನೋಡೋಳು.”

ಕಲ್ಲಿನವನಿಗೆ ಒಂದು, ಮನೆಗೆ ಒಂದು ಎಂದು ಅವರು ಎರಡು ಪ್ರತಿ ಕೇಳಿದರು.