ಕಾಲುವೆಯಂತೆ ಜೋಡಿಸಿದ ಪುಟಗಳು

ಅಕ್ಕೋರ ಬಲಗೈ ತೋರುಬೆರಳಿನ ತುದಿಗೆ ಯಾವಾಗಲೂ ಸುಣ್ಣ ಹತ್ತಿರುತ್ತಿತ್ತು. ಎಲೆ ಅಡಿಕೆಗೆ ಹಚ್ಚಿದ ಸುಣ್ಣ. ಅದು ಕಂಪ್ಯೂಟರಿನ ಮೌಸಿಗೆ ತಾಗಬಾರದೆಂದು ಆ ಬೆರಳನ್ನು ಮೇಲೆತ್ತಿ ಹಿಡಿದು, ನಡುಬೆರಳಿನಿಂದ ಒತ್ತುತ್ತಿದ್ದರು. ಆ ದಿನವೂ ಹಾಗೇ ಕುಳಿತಿದ್ದರು. ಮರುದಿನ ಕಾಲುವೆಗೆ ನೀರು ಬಿಡುವುದಿತ್ತು. ನಮ್ಮಿಬ್ಬರಿಗೂ ಗೊತ್ತಿದ್ದದ್ದು ಅಷ್ಟೇ.

ಸುರಪುರದ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತರಾದವರು ಅವರು. ಮಕ್ಕಳು ಕರೆದ ಹೆಸರೇ ಕಚೇರಿಯಲ್ಲೂ ಉಳಿಯಿತು. ಶಹಾಪುರದಲ್ಲಿ ಕಾಲುವೆ ನೀರು ಬಳಸುವ ರೈತರ ಸಂಘವೊಂದಿದೆ. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಸಂಘದ ವೆಬ್‌ಸೈಟಿನಲ್ಲಿ ರೈತರಿಗೊಂದು ಕೈಪಿಡಿ ಇತ್ತು. ಯಾವ ಊರಿನ ನೀರಿನ ಪಾಳಿ ಯಾವಾಗ, ಗೇಟು ಕೆಟ್ಟರೆ ಯಾರಿಗೆ ಹೇಳಬೇಕು, ಎಲ್ಲವೂ ಅದರಲ್ಲಿತ್ತು, ಆದರೆ ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಅದನ್ನು ಬಿಚ್ಚಿ ಜೋಡಿಸಲು ಅಕ್ಕೋರನ್ನು ಕರೆಸಿದರು. ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪುಟಗಳನ್ನು ತೆರೆಯುವ, ಸರಿಸುವ, ಮುಚ್ಚುವ ತಂತ್ರಾಂಶವನ್ನು ಅವರು ನನ್ನಿಂದ ಕಲಿತರು. ಬರೆಯುವುದನ್ನು ನಾನು ಅವರಿಂದ ಕಲಿತೆ.

ಪುಟ ಸಿದ್ಧವಾದರೆ ನಾನು ಗಟ್ಟಿಯಾಗಿ ಓದಬೇಕು. ಅವರು ಕಣ್ಣು ಮುಚ್ಚಿ, ಎಂದೂ ಕಚೇರಿ ನೋಡದ ಹೆಣ್ಣುಮಗಳ ಹಾಗೆ ಕೇಳಿಸಿಕೊಳ್ಳುವರು. ಮುಗಿದ ಕೂಡಲೇ ಒಂದೇ ಮಾತು: “ಆಮ್ಯಾಲ?”

“ಸಂಬಂಧಪಟ್ಟವರನ್ನು ಸಂಪರ್ಕಿಸಿ ಅಂತ ಅದರೀ.”

“ನನಗ ಸಂಬಂಧಪಟ್ಟವ ನನ್ನ ಗಂಡ. ಅವಗ ಫೋನ್ ಹಚ್ಚಲೇನು?”

ನಾನು ನಗುತ್ತ ಆ ಸಾಲು ಅಳಿಸುತ್ತಿದ್ದೆ. “ಆಮ್ಯಾಲ?” ಎಂಬುದಕ್ಕೆ ಉತ್ತರ ಸಿಗುವವರೆಗೆ ಯಾವ ಪುಟವೂ ಹೊರಗೆ ಹೋಗುತ್ತಿರಲಿಲ್ಲ.

ಜೋಡಿಸುವ ಕ್ರಮವೂ ಅವರದೇ. ನೀರು ಹರಿಯುವಂತೆ ಪುಟಗಳು: ಮೇಲೆ ಮುಖ್ಯ ಕಾಲುವೆ, ಅದರೊಳಗೆ ಉಪಕಾಲುವೆಗಳು, ಅವುಗಳೊಳಗೆ ಊರುಗಳು, ಎಲ್ಲಕ್ಕೂ ಕೆಳಗೆ ವಡಗೇರಾ ಕಡೆಯ ತುದಿಯ ಊರುಗಳು. “ನಮ್ಮ ಮಂದಿಗೆ ಈ ದಾರಿ ಗೊತ್ತದ. ನೀರಿನ ಸಂಗಟ ಹೋದ್ರ ತಮ್ಮ ಊರು ತಾವೇ ಮುಟ್ತಾರ,” ಎಂದಿದ್ದರು. ಎಲ್ಲರಿಗೂ ಹಿಡಿಸಿತ್ತು.

ಆ ದಿನ ಮಧ್ಯಾಹ್ನ ನೀರು ಬಿಡುವ ವೇಳೆ ಬದಲಾಯಿತು. ತಿದ್ದಿ ಮುಗಿಯುವವರೆಗೆ ಯಾರಿಗೂ ಕಾಣದಿರಲೆಂದು ಅಕ್ಕೋರು ಮುಖ್ಯ ಕಾಲುವೆಯ ಪುಟವನ್ನು ಮುಚ್ಚಿದರು. ಸ್ವಲ್ಪದರಲ್ಲೇ ತುದಿಯ ಊರಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿದಳು.

“ಅಕ್ಕೋರ, ನಮ್ಮ ಊರು ಕಾಣವಲ್ದು ನೋಡ್ರಿ.”

“ಊರು ಎಲ್ಲಿ ಹೋಗ್ತದವ್ವ?”

“ಮುಂಜಾನಿ ಇತ್ತರಿ. ಈಗ ಪುಟನೇ ಇಲ್ಲ ಅಂತದ. ಪಾಳಿ ತಿಳಿಲಿಲ್ಲಂದ್ರ ಮ್ಯಾಲಿನವ್ರು ನೀರು ತಿರುವಿಕೋತಾರ. ಮೆಣಸಿನಗಿಡ ಬಾಡಾಕತ್ಯಾವ.”

ನಾನು ತಂತ್ರಾಂಶದೊಳಗೆ ಹೋಗಿ ನೋಡಿದೆ. ಮೇಲಿನ ಪುಟ ಮುಚ್ಚಿದರೆ ಅದರೊಳಗಿನವೆಲ್ಲ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಮೇಲಿನ ಊರಿನವರು ನೀರನ್ನು ಕಣ್ಣಾರೆ ನೋಡುತ್ತಾರೆ. ತುದಿಯವರಿಗೆ ಪುಟವೇ ಗತಿ.

ಅಕ್ಕೋರು ನಕ್ಕರು. “ಕೆನಾಲ್ ಹಂಗ ಕಟ್ಟೋಣು ಅಂದೆ, ಖರೇನೇ ಕೆನಾಲ್ ಕಟ್ಟೀನಿ. ಮ್ಯಾಲಿನ ಗೇಟು ಮುಚ್ಚಿದ್ರ ತುದಿ ಒಣಗ್ತದ.”

“ಈಗ ತೆರೆದ್ರ ಆತಲ್ರೀ.”

“ನಾಳಿ ಮತ್ತ ಯಾರರ ಮುಚ್ತಾರ, ತಂಗಿ. ಊರೆಲ್ಲಾ ಹೊರಗ ತಗಿ. ಕೈಪಿಡಿಯ ಮೊದಲನೇ ಪುಟಕ್ಕೇ ಹಚ್ಚು. ತುದಿಯವು ಮೊದಲ.”

ಸಂಜೆಯವರೆಗೆ ಕೂತು ಒಂದೊಂದೇ ಊರನ್ನು ಹೊರಗೆ ತಂದೆವು. ಕೊನೆಗೆ ಮುಖ್ಯ ಕಾಲುವೆಯ ಪುಟವನ್ನು ಬೇಕೆಂದೇ ಇನ್ನೊಮ್ಮೆ ಮುಚ್ಚಿಸಿ ನೋಡಿದರು. ಊರುಗಳು ಇದ್ದಲ್ಲೇ ಇದ್ದವು. ನನ್ನ ಫೋನಿನಿಂದಲೇ ಆ ಹೆಣ್ಣುಮಗಳಿಗೆ ಕರೆ ಮಾಡಿ, ಮರುದಿನ ಪಾಳಿ ನೋಡಿಕೊಳ್ಳಲು ಹೇಳಿದರು. “ಹಗುರಾತು ನೋಡು,” ಎಂದು ಚೀಲ ಹಿಡಿದು ಬಸ್ಸಿಗೆ ಹೋದರು.

ಮರುದಿನ ಬೆಳಗಿನ ಜಾವ ಅಕ್ಕೋರು ಎದೆನೋವು ಬಂದು ತೀರಿಕೊಂಡರು. ಹೆಚ್ಚು ನರಳಲಿಲ್ಲವೆಂದು ಅವರ ಮಗಳು ಹೇಳಿದಳು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಸುರಪುರದ ಅವರ ಮನೆಯ ಅಂಗಳದಲ್ಲಿ ಕೂತಿದ್ದಾಗ ಕಚೇರಿಯಿಂದ ಸಂದೇಶ ಬಂತು: ವೇಳೆ ಮತ್ತೆ ಬದಲಾಗಿದೆ, ಮುಖ್ಯ ಕಾಲುವೆಯ ಪುಟ ಮುಚ್ಚಿದ್ದೇವೆ. ಊರುಗಳು ಇವೆಯೋ ಇಲ್ಲವೋ ಎಂದು ಕೈಪಿಡಿ ತೆಗೆದು ನೋಡುವಷ್ಟರಲ್ಲಿ ಅದೇ ಹೆಣ್ಣುಮಗಳ ಫೋನ್.

“ನಮ್ಮ ಪಾಳಿ ಕಂಡಿತ್ರಿ. ಅಕ್ಕೋರಿಗೆ ಹೇಳ್ರಿ.”

“ಹೇಳ್ತೀನವ್ವ,” ಎಂದೆ. ಬೆಳಗಿನಿಂದ ಕಟ್ಟಿದ್ದ ಉಸಿರು ಆಗ ಸಲೀಸಾಯಿತು. ಒಳಗೆ ಹೋಗಿ ಅವರ ಪಾದದ ಬಳಿ ಕೂತು, ಮೆಲ್ಲಗೆ ಹೇಳಿದೆ.

ಕೈಪಿಡಿ ಈಗಲೂ ಅವರು ಜೋಡಿಸಿದಂತೆಯೇ ಇದೆ, ತುದಿಯ ಊರುಗಳು ಮೊದಲು. ಮೇಲೆ ಯಾರು ಏನು ಮುಚ್ಚಿದರೂ ನನಗೆ ಆತಂಕವಿಲ್ಲ. ಹೊಸ ಪುಟ ಬರೆದಾಗ ಗಟ್ಟಿಯಾಗಿ ಓದುತ್ತೇನೆ, ಕಚೇರಿಯವರಿಗೆ ರೂಢಿಯಾಗಿದೆ. ಓದಿ ಮುಗಿಸಿ ಸ್ವಲ್ಪ ಹೊತ್ತು ತಡೆಯುತ್ತೇನೆ. “ಆಮ್ಯಾಲ?” ಎಂದು ಕೇಳುವವರು ಇಲ್ಲ.