ಕಂಚಿನ ಕಪ್ಪೆಯ ಸದ್ದು

ದೆವ್ವ, ಶಕುನ, ಕಣಿ ಎಂದು ಮಾತೆತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಂಥವರನ್ನು ಎದುರಿಗೇ ಗೇಲಿ ಮಾಡಿ ಎಬ್ಬಿಸಿ ಕಳಿಸಿದ್ದೇನೆ. ಈಗಲೂ ನನ್ನನ್ನು ಯಾರೂ ಆ ಸಾಲಿಗೆ ಸೇರಿಸಬೇಕಾಗಿಲ್ಲ. ಆದರೆ ನಾಗಮಂಗಲದ ನಮ್ಮ ಕುಲುಮೆಯಲ್ಲಿ ಹಾಡುಹಗಲೇ ನಡೆದದ್ದನ್ನು ನಡೆದೇ ಇಲ್ಲ ಎನ್ನಲು ನನ್ನಿಂದಾಗದು.

ಅರವತ್ತರ ದಶಕದ ಮಾತು. ನಮ್ಮದು ಕಂಚು, ಹಿತ್ತಾಳೆ ಎರಕ ಹೊಯ್ಯುವ ಮನೆತನ. ದೊಡ್ಡಪ್ಪ ಯಜಮಾನರು, ನಾನು ಅವರ ಕೈಕೆಳಗಿನವನು. ಬೀದಿಯ ತುದಿಯಲ್ಲಿ ಬುಡನ್ ಸಾಬರು ಸ್ಟೌ ರಿಪೇರಿ ಮಾಡುತ್ತಿದ್ದರು. ಅವರೂ ಇದೇ ಊರಿನವರು. ಹರೆಯದಲ್ಲಿ ಬರ್ಮಾಕ್ಕೆ ಹೋಗಿ ಮರದ ಡಿಪೋದಲ್ಲಿ ದುಡಿದು, ಅಲ್ಲಿ ಮಿಲಿಟರಿಯವರು ಗದ್ದುಗೆ ಹಿಡಿದು ನಮ್ಮವರನ್ನು ಹೊರದಬ್ಬಿದಾಗ ಉಟ್ಟ ಬಟ್ಟೆಯಲ್ಲಿ ಮರಳಿದ್ದರು. ಊರು ಅವರನ್ನು ಹತ್ತಿರ ಸೇರಿಸಲಿಲ್ಲ. ಬರ್ಮಾದಿಂದ ಬಂದವನ ಹತ್ತಿರ ಚಿನ್ನವಿಲ್ಲದೆ ಇರುತ್ತದೆಯೇ ಎಂದು ನಮ್ಮ ಜನರ ಹೊಟ್ಟೆಯುರಿ.

ಅವರ ಹತ್ತಿರ ಇದ್ದದ್ದು ಹೆಬ್ಬೆರಳ ಗಾತ್ರದ ಒಂದು ಕಂಚಿನ ಕಪ್ಪೆ. ಅಲ್ಲಿನ ಗುಡ್ಡಗಳಲ್ಲಿ ಕರೆನ್ ಎಂಬ ಜನರಿದ್ದಾರೆ. ಭಾಷೆ ಬೇರೆ, ನಡೆ ಬೇರೆ. ತಮ್ಮ ನೆಲ ತಮಗೆ ಬೇಕೆಂದು ಕಾಡು ಸೇರಿ, ಸರ್ಕಾರದ ವಿರುದ್ಧ ಬಂದೂಕು ಹಿಡಿದವರು. ಅವರ ಕೆಲವು ಮನೆಗಳಲ್ಲಿ ಅಂಚಿನ ಸುತ್ತ ಕಪ್ಪೆಗಳಿರುವ ಕಂಚಿನ ನಗಾರಿ ಇರುತ್ತದಂತೆ. ಡಿಪೋದಲ್ಲಿ ಸಾಬರ ಜೊತೆಗಿದ್ದ ಕರೆನ್ ಗೆಳೆಯನೊಬ್ಬ, ತನ್ನ ಮಗ ಬಂದೂಕಿನವರ ಜೊತೆ ಹೊರಟುಹೋದ ಮೇಲೆ, ಮನೆಯ ನಗಾರಿಯಿಂದ ಒಂದು ಕಪ್ಪೆ ಕಿತ್ತು ಸಾಬರಿಗೆ ಕೊಟ್ಟಿದ್ದ. ಮಗ ಗೆದ್ದು ಬಂದ ದಿನ ತಂದುಕೊಡು, ಮತ್ತೆ ಬೆಸೆಯೋಣ ಎಂದಿದ್ದನಂತೆ. ಸಾಬರು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಆ ದಿನವನ್ನೇ ಕಾಯುತ್ತಿದ್ದರು.

ಸಾಬರ ಹತ್ತಿರ ಕದ್ದು ತಂದ ಚಿನ್ನವಿದೆ ಎಂದು ಯಾರೋ ಪುಣ್ಯಾತ್ಮರು ಪೊಲೀಸರಿಗೆ ಚಾಡಿ ಹೇಳಿದರು. ಒಂದು ಮಧ್ಯಾಹ್ನ ಪೇದೆಯೊಬ್ಬ ಸಾಬರನ್ನು ರಟ್ಟೆ ಹಿಡಿದು ನಮ್ಮ ಕುಲುಮೆಗೆ ಎಳೆತಂದು, ಕಪ್ಪೆಯನ್ನು ಲೋಹ ಬಡಿಯುವ ಅಡಿಗಲ್ಲಿನ ಮೇಲೆ ಎಸೆದ.

"ಚಿನ್ನನೋ ಕಂಚೋ ಬೇಗ ಏಳಯ್ಯಾ. ಚಿನ್ನ ಆದ್ರೆ ಇವನ್ನ ಇವತ್ತೇ ಒಳಕ್ಕಾಕ್ತೀನಿ."

ನಮ್ಮ ಕಸುಬಿನಲ್ಲಿ ಲೋಹವನ್ನು ಕಣ್ಣಿಂದ ನಂಬುವುದಿಲ್ಲ. ಬಡಿದು, ಸದ್ದು ಕೇಳಿಯೇ ಹೇಳುವುದು. ದೊಡ್ಡಪ್ಪ ಸುತ್ತಿಗೆ ಎತ್ತಿದರು. ಸಾಬರು ಅವರ ಕೈ ಹಿಡಿದುಕೊಂಡರು.

"ಬಡೀಬ್ಯಾಡಿ ಆಚಾರ್ರೇ, ನಿಮ್ಮ ಕಾಲಿಗ್ ಬೀಳ್ತೀನಿ. ಸಾವಾದಾಗ ಬಡಿಯೋ ನಗಾರೀದು ಅದು. ಕೊಟ್ಟೋನ್ ಮಗ ಇನ್ನೂ ಕಾಡಲ್ಲವ್ನೆ. ಬೇಕಾದ್ರೆ ಅರದಲ್ಲಿ ಉಜ್ಜಿ ನೋಡಿ."

"ಬಡೀದೆ ಕಂಚು ಬಾಯಿ ಬುಡ್ತದೇನ್ಲಾ? ಕೈ ತಗಿ ಅತ್ಲಾಗೆ," ಎಂದು ಗದರಿ ದೊಡ್ಡಪ್ಪ ಹೊಡೆದೇಬಿಟ್ಟರು.

ಅಷ್ಟು ಪುಟ್ಟ ಗಟ್ಟಿ ತುಂಡು ಟಕ್ ಎನ್ನಬೇಕು, ಅಷ್ಟೆ. ನನಗೆ ಕೇಳಿಸಿದ್ದು ನೆಲದಡಿಯಿಂದ ಎದ್ದ ನಗಾರಿಯ ಸದ್ದು. ತೂಗುಹಾಕಿದ್ದ ಗಂಟೆಗಳು ಗುಂಯ್ ಎಂದವು. ಬಾನಿಯ ನೀರು ನಡುಗಿದ್ದನ್ನು ಕಣ್ಣಾರೆ ನೋಡಿದೆ. ಆ ಸದ್ದು ಒಂದಕ್ಕೇ ನಿಲ್ಲಲಿಲ್ಲ, ಮತ್ತೆ ಮತ್ತೆ ಬಡಿದಂತೆ ಬರುತ್ತಲೇ ಇತ್ತು. ದೊಡ್ಡಪ್ಪನ ಸುತ್ತಿಗೆ ಮಾತ್ರ ಒಮ್ಮೆ ಹೊಡೆದು ಎತ್ತಿದ ಕೈಯಲ್ಲೇ ನಿಂತಿತ್ತು.

ಪೇದೆಗೆ ಏನೂ ಕೇಳಿಸಿದಂತಿರಲಿಲ್ಲ. ಕೊನೆಗೆ ದೊಡ್ಡಪ್ಪ ಕಂಚು ಎಂದರು. "ಬರೀ ಕಂಚಾ? ಥೂ," ಎಂದು ಉಗಿದು ಸೈಕಲ್ ಹತ್ತಿದ.

ಸಾಬರು ನೆಲಕ್ಕೆ ಕುಸಿದಿದ್ದರು. "ಓದ, ಆ ಉಡುಗ ಓದ," ಎಂದರು. ಕಪ್ಪೆಯನ್ನು ಅವರ ಕೈಗಿಡಲು ಹೋದರೆ ತಳ್ಳಿಬಿಟ್ಟರು. "ಇನ್ಯಾರಿಗಪ್ಪಾ ಕೊಡ್ಲಿ ಇದ?" ಅವತ್ತಿನಿಂದ ಅವರು ಬರ್ಮಾದ ಸುದ್ದಿ ಎತ್ತಲಿಲ್ಲ.

ಆ ಹುಡುಗ ನಿಜವಾಗಿ ಸತ್ತನೇ ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ಪಕ್ಕದ ಹಿಟ್ಟಿನ ಗಿರಣಿಯ ಸದ್ದಿರಬೇಕು ಎನ್ನುವ ಜಾಣರಿದ್ದಾರೆ. ಅಂದು ಕರೆಂಟೇ ಇರಲಿಲ್ಲ ಸ್ವಾಮಿ. ದೊಡ್ಡಪ್ಪ ಸಾಯುವವರೆಗೂ ತನಗೇನೂ ಕೇಳಿಸಲಿಲ್ಲ ಎಂದೇ ಸಾಧಿಸಿದರು. ಆದರೆ ಮುರುಕು ಚೊಂಬನ್ನೂ ಬಿಡದೆ ಕರಗಿಸುತ್ತಿದ್ದ ಆ ಮನುಷ್ಯ ಈ ಕಪ್ಪೆಯನ್ನು ಮಾತ್ರ ಬಟ್ಟೆ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಿದ್ದರು.

ಈಗ ಅದು ನನ್ನ ಹತ್ತಿರ ಇದೆ. ನಂಬದವನಾದರೆ ಇನ್ನೊಮ್ಮೆ ಬಡಿದು ನೋಡಬಹುದಲ್ಲ ಎನ್ನುತ್ತೀರಿ. ಬನ್ನಿ, ಸುತ್ತಿಗೆ ಕೊಡುತ್ತೇನೆ, ನೀವೇ ಬಡಿಯಿರಿ. ಆ ಕಾಡುಗಳಲ್ಲಿ ಇನ್ನೂ ಯಾರ ಮಕ್ಕಳು ಬಂದೂಕು ಹಿಡಿದು ಕೂತಿದ್ದಾರೋ ನನಗೆ ಗೊತ್ತಿಲ್ಲ. ನನ್ನ ಕೈಯಂತೂ ಏಳುವುದಿಲ್ಲ.