ಎರಡನೇ ಒಲೆಯ ನೀರು

ಹೋದ ವಾರ ಕೊಕ್ಕರ್ಣೆಯಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆ. ತೊಳೆದ ಬಾಳೆ ಎಲೆಯ ಮೇಲೆ ಬಿಸಿ ಅನ್ನ ಬಿತ್ತು. ಎಲೆ ಬಾಡಿ ಏಳುವ ಆ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ನಮ್ಮ ಮನೆಯ ಜಗಲಿ ನೆನಪಾಯಿತು. ಇಳಿಮಧ್ಯಾಹ್ನದ ಬಿಸಿಲು, ಕಂಬಕ್ಕೆ ಒರಗಿ ಕಾಲು ನೀಡಿಕೊಂಡು ಇಂಗ್ಲಿಷಿನ ಜೊತೆ ಜಗಳ ಆಡುತ್ತಿದ್ದ ಅಡಿಗೆ ಮಾವ...

ಅವರು ನಮಗೆ ಸಂಬಂಧಿಕರಲ್ಲ. ಕೋಟದಲ್ಲಿ ನಮ್ಮ ಮನೆಯಿಂದ ಎರಡು ಹಿತ್ತಿಲು ಆಚೆ ಇದ್ದವರು. ಸುತ್ತಲಿನ ಊರುಗಳ ಮದುವೆ, ಉಪನಯನಗಳಿಗೆ ಅಡುಗೆ ಮಾಡುತ್ತಿದ್ದುದರಿಂದ ನಮ್ಮ ವಯಸ್ಸಿನ ಎಲ್ಲರಿಗೂ ಅಡಿಗೆ ಮಾವ ಆಗಿದ್ದರು. ನಾನಾಗ ಇಂಗ್ಲಿಷ್ ಎಂ.ಎ. ಪರೀಕ್ಷೆ ಮುಗಿಸಿ ಫಲಿತಾಂಶಕ್ಕಾಗಿ ಕಾಯುತ್ತ ಮನೆಯಲ್ಲಿದ್ದೆ. ಒಂದು ದಿನ ಅಂಗಳದಿಂದಲೇ ಅವರ ದನಿ ಕೇಳಿಸಿತು.

"ಹ್ವಾಯ್, ಮಗಳ್ ಮನೆಯಂಗ್ ಇದ್ಲಾ?"

"ಇದ್ಲ್. ಬಾಯಿಗ್ ಬೀಗ ಹಾಯ್ಕಂಡ್ ಕೂತಿದ್ಲ್," ಎಂದರು ಅಮ್ಮ. ನಾನು ಹೆಚ್ಚು ಮಾತಾಡುವುದಿಲ್ಲ ಎಂಬುದು ಅಮ್ಮನ ಹಳೆಯ ದೂರು.

ಅಡಿಗೆ ಮಾವ ಬಂದ ಕೆಲಸವನ್ನು ನೇರವಾಗಿ ಹೇಳಿದರು. ಬೀಜಾಡಿಯಲ್ಲಿ ಸಮುದ್ರದ ಪಕ್ಕ ಹೊಸದಾಗಿ ಒಂದು ಹೋಂಸ್ಟೇ ಆಗಿತ್ತು. ಅಲ್ಲಿಗೆ ಅಡುಗೆಯವರು ಬೇಕಾಗಿದ್ದರು. "ಬಂದ್ ಜನಕ್ಕೆ ಇಂಗ್ಲೀಷಂಗೆ ನಾಕ್ ಮಾತ್ ಹೇಳ್ಕ್ ಅಂಬ್ರ್. ನಂಗ್ ರೈಸ್ ಗೊತ್ತಿತ್ತ್, ಸಾಲ್ಟ್ ಗೊತ್ತಿತ್ತ್. ಅದ್ರ್ ಹಿಂದ್ ಮುಂದ್ ಎಂತದೂ ಗೊತ್ತಿಲ್ಲೆ."

ಆ ಕೆಲಸ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ನಮಗೆ ಗೊತ್ತಿತ್ತು. ಕೊಪ್ಪರಿಗೆ ಎತ್ತಿ ಎತ್ತಿ ಅವರ ಎರಡೂ ಮಂಡಿ ಸವೆದಿದ್ದವು. ಇನ್ನು ಭಾರ ಎತ್ತಬಾರದು, ಟೆಂಪೊ ಹತ್ತಿ ಊರೂರು ತಿರುಗಬಾರದು ಎಂದು ಡಾಕ್ಟರು ಹೇಳಿದ್ದರು. ಒಂದೇ ಕಡೆ ನಿಂತು ಮಾಡುವ ಚಿಕ್ಕ ಅಡುಗೆಮನೆ ಸಿಗದಿದ್ದರೆ ಸೌಟು ಕೆಳಗಿಡಲೇಬೇಕಿತ್ತು.

"ಸುಮ್ನೆ ಕೂತ್ರೆ ನಾನ್ ಗಾಳಿಗಿಟ್ಟ್ ಹಪ್ಪಳದ್ ಹಾಂಗೆ ಮೆತ್ತಗಾತೆ, ಹೆಣ್ಣೆ," ಎಂದರು. ನಗುತ್ತಲೇ ಹೇಳಿದರು, ಆದರೆ ನಮ್ಮ ಮುಖ ನೋಡಲಿಲ್ಲ.

ವ್ಯಾಕರಣ ಕಲಿಸುವಷ್ಟು ಸಮಯ ಇರಲಿಲ್ಲ. ಹಾಗಾಗಿ ದಿನಬಳಕೆಯ ಇಂಗ್ಲಿಷಿನಲ್ಲಿ ಎಲ್ಲೆಲ್ಲೂ ಸಿಗುವ ಜೋಡಿ ಮಾತುಗಳನ್ನೇ ಹಿಡಿದೆ. ಒಂದು ಸಣ್ಣ ಕ್ರಿಯಾಪದ, ಅದರ ಬಾಲಕ್ಕೆ ಅಪ್, ಡೌನ್, ಔಟ್, ಆನ್. ಅಡುಗೆಮನೆಯ ಅರ್ಧ ಕೆಲಸ ಇವುಗಳಲ್ಲೇ ನಡೆಯುತ್ತದೆ ಎಂಬುದು ನನ್ನ ಲೆಕ್ಕ. ಅವರ ತಕರಾರು ಮೊದಲ ದಿನವೇ ಶುರುವಾಯಿತು.

"ಕಟ್ ಅಂದ್ರೆ ಕೊಚ್ಚುದ್. ಸರಿ. ಕಟ್ ಅಪ್ ಅಂದ್ರೆ ಎಂತ, ಮೇಲೆ ಹಿಡ್ಕಂಡ್ ಕೊಚ್ಚುದಾ?"

"ಅಲ್ಲ ಮಾವ, ಪೂರಾ ಚೂರ್ ಮಾಡುದ್."

"ಹಾಂಗಾರೆ ಕಟ್ ಡೌನ್?"

"ಕಮ್ಮಿ ಮಾಡುದ್. ಎಣ್ಣೆ ಕಮ್ಮಿ ಮಾಡಿ ಅಂಬುಕೆ ಕಟ್ ಡೌನ್ ಆನ್ ಆಯಿಲ್ ಅಂತ್ರ್."

"ಎಣ್ಣೆ ಕಮ್ಮಿ ಮಾಡಿ ಅಂಬರ್ ಬಂದ್ರೆ ನಾನ್ ಕೆಲ್ಸವೇ ಬಿಟ್ ಹಾಕ್ತೆ!"

"ಬಿಟ್ ಹಾಕ್ತೆ ಅಂದ್ರಿ ಅಲ್ದಾ, ಎಲ್ಲಿಗ್ ಹಾಕ್ತ್ರಿ?" ಎಂದು ನಾನು ಕೇಳಿದೆ.

ಅವರು ಒಂದು ಕ್ಷಣ ಕಣ್ಣು ಕಿರಿದು ಮಾಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಯ್ಯೊ ಮಾರಾಯ್ತಿ, ನಮ್ದೂ ಹಾಂಗೇ ಇತ್ತಲೆ!"

ಅಂದಿನಿಂದ ಜಗಳ ಕಡಿಮೆಯಾಯಿತು. ಬೆಂಕಿ ಜೋರು ಮಾಡುವುದು ಟರ್ನ್ ಅಪ್, ಹೇಳದೆ ಕೇಳದೆ ಬರುವ ನೆಂಟರದೂ ಟರ್ನ್ ಅಪ್. "ಎರಡೂ ಒಂದೇ, ಅಡಿಗೆಯವ್ನಿಗೆ ಬೆವ್ರ್ ಬಿಡ್ಸುದ್," ಎಂದು ಅವರೇ ಸಮಾಧಾನ ಮಾಡಿಕೊಂಡರು. ಒಂದು ದಿನ ಪಾಠದ ನಡುವೆ ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಮಂಡಿ ನೋವು ಮರೆತು ಒಳಗೆ ಓಡಿದ ಮಾವ "ಬಾಯಿಲ್ ಓವರ್! ಬಾಯಿಲ್ ಓವರ್!" ಎಂದು ಕೂಗಿದರು. ಅಮ್ಮ ಹಿತ್ತಿಲಿನಿಂದ "ಎಂತ ಆಯ್ತ್, ಯಾರಿಗ್ ಆಯ್ತ್?" ಎಂದು ಬರುವಷ್ಟರಲ್ಲಿ ಹಾಲು ನೆಲಕ್ಕಿಳಿದಿತ್ತು. ಕನ್ನಡದಲ್ಲಿ ಕೂಗಿದ್ದರೆ ಅರ್ಧ ಲೀಟರಾದರೂ ಉಳಿಯುತ್ತಿತ್ತು ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ.

ಎಲ್ಲವೂ ಸರಿಯಾಗಿ ನಡೆದಿತ್ತು, 'ರನ್ ಔಟ್ ಆಫ್' ಬರುವ ತನಕ. ಇದ್ದದ್ದು ಬಳಸಿ ಮುಗಿದು ಹೋಗುವುದು ಎಂದು ಅರ್ಥ ಹೇಳಿ, "ವಿ ರ್‍ಯಾನ್ ಔಟ್ ಆಫ್ ರೈಸ್," ಎಂಬ ವಾಕ್ಯ ಕೊಟ್ಟೆ. ಮಾವ ತಲೆ ಅಲ್ಲಾಡಿಸಿದರು.

"ಅದೊಂದ್ ಬಿಡ್," ಎಂದರು.

"ಅದೇ ಮುಖ್ಯ ಮಾವ. ಹೋಂಸ್ಟೇಯವ್ರ್ ಖಂಡಿತ ಕೇಂತ್ರ್."

"ಒಲೆ ಬುಡದಂಗೆ ನಿಂತ್ಕಂಬರ್ ಆ ಮಾತ್ ಆಡುಕಾಗ."

ಅಡುಗೆಯವರಾಗಿದ್ದ ಅವರ ತಂದೆ ಇಟ್ಟುಕೊಂಡಿದ್ದ ಪದ್ಧತಿ ಅದು. ಪಂಕ್ತಿಯಲ್ಲಿ ಅನ್ನ ತಳ ಕಂಡರೆ ಬಡಿಸುವವರು ಒಳಗೆ ಬಂದು "ತುಂಬಿತ್" ಎನ್ನಬೇಕು. ಖಾಲಿ ಎನ್ನಬಾರದು, ಮುಗಿಯಿತು ಎನ್ನಬಾರದು. ಉಣ್ಣಲು ಕೂತವರ ಕಿವಿಗೆ ಆ ಮಾತು ಬಿದ್ದರೆ ಅರ್ಧ ಹೊಟ್ಟೆಗೇ ಕೈ ತೊಳೆಯುತ್ತಾರೆ ಎಂಬುದು ಅವರ ನಂಬಿಕೆ. ಆ ಮಾತು ಬಾರದ ಹಾಗೆ ಅಪ್ಪ, ಮಗ ಇಬ್ಬರೂ ಮಾಡುತ್ತಿದ್ದದ್ದು ಇಷ್ಟು: ಎರಡನೇ ಒಲೆಯ ಮೇಲೆ ಯಾವಾಗಲೂ ನೀರು ಕುದಿಯುತ್ತಿರಬೇಕು, ಪಕ್ಕದಲ್ಲಿ ತೊಳೆದ ಅಕ್ಕಿ ಇರಬೇಕು.

"ಇಂಗ್ಲೀಷಂಗ್ ಹೇಳ್ರೆ ಅನ್ನಕ್ಕೆ ಗೊತ್ತಾತ್ತಾ ಮಾವ?"

"ನಂಗ್ ಗೊತ್ತಾತ್ತಲೆ," ಎಂದರು.

ಪೆಟ್ರೋಲ್ ಇಟ್ಟು ಹೇಳಿಸಿದೆ, ಹೇಳಿದರು. ಸೀಮೆಎಣ್ಣೆ ಇಟ್ಟು ಹೇಳಿಸಿದೆ, ಅದನ್ನೂ ಹೇಳಿದರು. ಅನ್ನಕ್ಕೆ ಬಂದರೆ ಮತ್ತೆ ತುಟಿ ಬಿಗಿ. ಇದೊಂದು ಹಟದಿಂದ ಕೆಲಸ ಕೈತಪ್ಪುತ್ತದೆ ಎಂದು ನನಗೆ ಒಳಗೊಳಗೇ ಹೆದರಿಕೆ.

ಬೀಜಾಡಿಗೆ ಹೋಗುವ ದಿನ ಬಂತು. ಮಾತಿನ ಪರೀಕ್ಷೆ ಬೇರೆ ಇರಲಿಲ್ಲ. ಹನ್ನೆರಡು ಜನರಿಗೆ ಊಟ ಮಾಡಿ ಬಡಿಸಿ ತೋರಿಸಬೇಕಿತ್ತು. "ಬಾ, ಸುಮ್ನೆ ಎದ್ರ್ ನಿಂತ್ಕೊ. ಮಾತಾಡುದ್ ಬ್ಯಾಡ. ಅದ್ ನಿಂಗೆ ಕಷ್ಟ ಅಲ್ಲಲೆ," ಎಂದು ನನ್ನನ್ನೂ ಕರೆದುಕೊಂಡು ಹೋದರು. ಹೋಂಸ್ಟೇ ನಡೆಸುತ್ತಿದ್ದ ಮೇಡಂ ಮುಂಬೈಯಲ್ಲಿ ಹುಟ್ಟಿ ಬೆಳೆದವರು, ಕನ್ನಡ ಅಷ್ಟಕ್ಕಷ್ಟೆ. ಚುರುಕಿನ ಹೆಂಗಸು.

ಅನ್ನದ ಮೇಲೆ ಸಾರು ಬೀಳುವ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದಾಯಿತು. ಮುಂಚೆ ಹೇಳದೆ ಇನ್ನೂ ಆರು ಜನ ಬಂದಿದ್ದರು. ಮಾವ ನನ್ನತ್ತ ತಿರುಗಿ, "ಟರ್ನ್ ಅಪ್ ಆಯ್ರ್," ಎಂದು ಮೆಲ್ಲಗೆ ಹೇಳಿದರು. ಆರೂ ಜನಕ್ಕೆ ಎಲೆ ಹಾಕಿ ಬಡಿಸಿದ್ದಾಯಿತು. ಪಾತ್ರೆಯಲ್ಲಿ ಅನ್ನ ತಳ ಕಂಡಿತು. ಅಷ್ಟರಲ್ಲಿ ಮೇಡಂ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟರು. "ಹ್ಯಾವ್ ವಿ ರನ್ ಔಟ್ ಆಫ್ ರೈಸ್?"

ಪ್ರಶ್ನೆಗೆ ಸರಿಯಾದ ಉತ್ತರ ಹೌದು ಎಂದೇ. ನನ್ನ ಬಾಯಿ ತಾನಾಗಿ ತೆರೆಯಿತು. ಮಾವ ಕೈಯಲ್ಲಿದ್ದ ಸೌಟನ್ನು ನನ್ನ ಕಡೆ ಒಂದಿಷ್ಟು ಎತ್ತಿದರು. ನಾನು ಬಾಯಿ ಮುಚ್ಚಿದೆ.

ಅವರು ಮೇಡಂ ಕಡೆ ನೋಡಲಿಲ್ಲ. ಎರಡನೇ ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು, ಕುದಿಯುವ ನೀರಿಗೆ ಅಕ್ಕಿ ಸುರಿದು, ಮುಚ್ಚಳ ಹಾಕಿದರು. ಆಮೇಲೆ ತಿರುಗಿದರು.

"ಮೇಡಂ, ಐ ಪುಟ್ ಆನ್ ಒನ್ ಮೋರ್ ಪಾಟ್. ಫಿಫ್ಟೀನ್ ಮಿನಿಟ್ಸ್. ಯು ಕ್ಯಾರಿ ಆನ್ ವಿತ್ ಅಂಬಡೆ."

ಆಗಷ್ಟೇ ಕರಿದ ಬಿಸಿ ಬಿಸಿ ಬೇಳೆ ಅಂಬಡೆಯ ತಟ್ಟೆಯನ್ನು ಅವರ ಕೈಗೇ ಕೊಟ್ಟರು. ಮೇಡಂ ಒಂದು ಕ್ಷಣ ತಟ್ಟೆ ನೋಡಿದರು, ಒಲೆ ನೋಡಿದರು, ನಗು ತಡೆಯಲಾಗದೆ ತಾವೇ ಬಡಿಸಲು ಹೊರಟರು. ಅಂದು ಸಂಜೆಯೇ ಕೆಲಸ ಖಾಯಂ ಆಯಿತು. ಬಸ್ಸಿನಲ್ಲಿ ಬರುವಾಗ ಮಾವ ಕೇಳಿದ್ದು ಒಂದೇ ಮಾತು. "ಪುಟ್ ಆನ್ ಸರಿ ಅಲ್ದಾ?" ಸರಿ ಎಂದೆ. "ಮತ್ತೆ ಆ ಇನ್ನೊಂದ್ ಎಂತಕ್ ಬೇಕಿತ್ತ್?" ಎಂದು ಕಿಟಕಿಯಾಚೆ ನೋಡಿ ನಕ್ಕರು.

ಕೆಲವು ವರ್ಷ ಆ ಅಡುಗೆಮನೆಯಲ್ಲಿ ಅವರು ಬಹಳ ಖುಷಿಯಲ್ಲಿದ್ದರು. ದಾರಿಯಲ್ಲಿ ಸಿಕ್ಕಾಗಲೆಲ್ಲ ಹೊಸದೊಂದು ಜೋಡಿ ಮಾತು ನನ್ನ ಮೇಲೆ ಎಸೆದು ಹೋಗುತ್ತಿದ್ದರು. ಹೋದ ಮಳೆಗಾಲದಲ್ಲಿ, ಎರಡು ದಿನದ ಜ್ವರದಲ್ಲಿ... ನಾನು ಊರು ಮುಟ್ಟುವಷ್ಟರಲ್ಲಿ ಚಿತೆಯೂ ಆರಿ, ಅವರ ಮನೆಯ ಬಾಗಿಲು ಹಾಕಿತ್ತು. ಈಗ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ. 'ರನ್ ಔಟ್ ಆಫ್'ಗೆ ಪೆಟ್ರೋಲಿನ ಉದಾಹರಣೆ ಕೊಡುತ್ತೇನೆ. ಅನ್ನದ್ದು ಕೊಡುವುದಿಲ್ಲ.

ಕೊಕ್ಕರ್ಣೆಯ ಪಂಕ್ತಿಯಲ್ಲಿ ನನ್ನ ಎದುರಿಗೆ ಬರುವಷ್ಟರಲ್ಲಿ ಬಡಿಸುವವರ ಪಾತ್ರೆ ಬರಿದಾಯಿತು. ನರೆತ ಮೀಸೆಯ ಮನುಷ್ಯ. ಒಳಗೆ ತಿರುಗಿ ದೊಡ್ಡದಾಗಿ, "ಅನ್ನ ಖಾಲಿ!" ಎಂದು ಕೂಗಿದರು.

"ತುಂಬಿತ್ ಅನ್ನಿ," ಎಂದೆ. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿಯೇ ಅಂದಿದ್ದೆ.

ಆತ ನನ್ನನ್ನೇ ನೋಡಿದರು. "ಹೌದಲೆ. ಮೊದ್ಲೆಲ್ಲ ಹಾಂಗೇ ಅಂತಿದ್ರ್," ಎಂದು ನಕ್ಕು ಮತ್ತೆ ಕೂಗಿದರು. "ಹ್ವಾಯ್, ಅನ್ನ ತುಂಬಿತ್!"

ಒಳಗಿನಿಂದ ಉತ್ತರ ಬಂತು. "ಎಂತ ಮಾರಾಯ್ರೆ, ಈಗಷ್ಟೇ ಖಾಲಿ ಅಂದ್ರಿ! ಇನ್ನ್ ನೀರ್ ಇಡ್ಕಷ್ಟೆ, ಅರ್ಧ ಗಂಟೆ ಆತ್ತ್!"

ಪಂಕ್ತಿಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೇ ಒಲೆಯ ಮೇಲೆ ನೀರಿಡುವವರು ಅಲ್ಲಿ ಇರಲಿಲ್ಲ. ಎಲೆಯ ತುದಿಯ ಉಪ್ಪಿನಕಾಯಿ ನೆಕ್ಕುತ್ತ, ಕೈ ತೊಳೆಯಲು ಏಳದೆ, ಕಾದು ಕೂತೆ.